ಒತ್ತದೆ ಉಳಿದ ಮುಳ್ಳು

“ನಮ್ಮ ಟೆರೇಸ್ ಮೇಲೆ ಒಣಮೀನು!”

ವಾರಿಜಾ ಫೋನನ್ನು ಮಗಳ ಮುಖಕ್ಕೆ ಹಿಡಿದರು. ಎದುರು ಮನೆಯ ಸೌಮ್ಯ ಆಂಟಿ ತಮ್ಮ ಬಾಲ್ಕನಿಯಿಂದ ತೆಗೆದು ಕ್ರಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ ಫೋಟೋ. ಬಟ್ಟೆ ಒಣಗಿಸುವ ತಂತಿಯಲ್ಲಿ ಸಾಲಾಗಿ ನೇತಾಡುತ್ತಿರುವ ಪುಟ್ಟ ಮೀನುಗಳು. ಪಕ್ಕದಲ್ಲೇ ಅಮ್ಮನ ಬಿಳಿ ಕಾಟನ್ ಸೀರೆ.

ಸಂಹಿತಾಳ ಕೈಯಲ್ಲಿದ್ದ ಕಾಫಿ ಲೋಟ ಬಾಯಿಯವರೆಗೆ ಬಂದು ಅಲ್ಲೇ ನಿಂತಿತು.

ಒಣಮೀನಲ್ಲ ಅಮ್ಮ, ಮರದ್ದು. ಇಷ್ಟು ಹೇಳಿದರೆ ಮುಗಿಯುತ್ತಿತ್ತು. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ನಿನಗೆ ಹೇಗೆ ಗೊತ್ತು?

ಗೊತ್ತು, ಏಕೆಂದರೆ ಅವುಗಳಿಗೆ ಬಣ್ಣ ಹಾಕಿದವಳು ಅವಳೇ.

ಕೆತ್ತಿದವನು ಮುತ್ತುರಾಜ. ಟೆರೇಸ್ ರೂಮಿನ ಬಾಡಿಗೆಯವನು, ಗೋಕಾಕದವನು. ಜೆಪಿ ನಗರದ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ಇನ್ನೂ ಕಟ್ಟದ ಮನೆಗಳ ಪುಟ್ಟ ಮಾಡೆಲ್ ಮಾಡುವ ಕೆಲಸ. ಉಳಿದ ಮರದ ತುಂಡುಗಳಲ್ಲಿ ಅವನು ಮೀನು ಕೆತ್ತುತ್ತಿದ್ದ. ನೀರಿನಲ್ಲಿ ಎಳೆದರೆ ಜೀವ ಬಂದಂತೆ ತುಯ್ದಾಡುವ ಮೀನು. ಊರಿಗೆ ಹೋದಾಗ ಅದಕ್ಕೆ ಗಾಳ ಸಿಕ್ಕಿಸಿ ಘಟಪ್ರಭೆಯ ಹಿನ್ನೀರಿಗೆ ಎಸೆಯುತ್ತಾನೆ. ದೊಡ್ಡ ಮೀನು ಮೋಸಹೋಗಿ ಕಚ್ಚುತ್ತದೆ. ಹಿಡಿದು, ನೋಡಿ, ಮತ್ತೆ ನೀರಿಗೇ ಬಿಡುತ್ತಾನೆ.

ಒಂದು ಸಂಜೆ ಬಟ್ಟೆ ತೆಗೆಯಲು ಹೋದ ಸಂಹಿತಾ ನಕ್ಕುಬಿಟ್ಟಿದ್ದಳು. “ಇದೇನ್ರೀ ಬಣ್ಣ? ಗೇಟಿಗೆ ಹೊಡೆದಂಗಿದೆ.”

“ಮೀನು ಏನೂ ಅನ್ನಂಗಿಲ್ರಿ,” ಎಂದಿದ್ದ ಅವನು.

“ನಾನು ಅಂತೀನಲ್ಲ.”

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು ಅವಳು. ಮರುದಿನ ತನ್ನ ಹಳೆಯ ನೆಟ್ ದುಪಟ್ಟಾದ ಒಂದು ಚೂರು ತಂದಳು. ಅದನ್ನು ಮರದ ಮೈಗೆ ಬಿಗಿಯಾಗಿ ಸುತ್ತಿ, ಮೇಲೆ ಹಸಿರು ಬಣ್ಣ ಸ್ಪ್ರೇ ಮಾಡಿ, ಬಟ್ಟೆಯನ್ನು ಮೆಲ್ಲಗೆ ಬಿಚ್ಚಿದಳು. ಮೀನಿನ ಮೈತುಂಬ ಹುರುಪೆ ಮೂಡಿತ್ತು. ಮುತ್ತುರಾಜ ಮೀನನ್ನು ನೋಡಲಿಲ್ಲ. ಬಟ್ಟೆ ಬಿಚ್ಚಿದ ಬೆರಳುಗಳನ್ನು ನೋಡಿದ. ಆಮೇಲೆ ಮೇಲಕ್ಕೆ, ಮೊಣಕೈವರೆಗೆ, ಹೆಗಲವರೆಗೆ, ಅವಸರವೇ ಇಲ್ಲದ ಒಂದು ನೋಟ. ಅಂದಿನಿಂದ ಅಮ್ಮ ವಾಕಿಂಗ್‌ಗೆ ಹೋಗುವ ಹೊತ್ತೆಲ್ಲ ಟೆರೇಸಿನದಾಯಿತು.

“ಅಡುಗೆಮನೆಯಿಂದ ಇಕ್ಕಳ ತಗೊಂಡು ಬಾ,” ಎಂದು ವಾರಿಜಾ ಮೆಟ್ಟಿಲು ಹತ್ತಿದರು.

ಮುತ್ತುರಾಜ ರೂಮಿನ ಬಾಗಿಲಲ್ಲಿ ನಿಂತಿದ್ದ. ಭಾನುವಾರದ ಬನಿಯನ್, ಕೈಯಲ್ಲಿ ಸ್ಯಾಂಡ್ ಪೇಪರ್. ಸಂಹಿತಾಳ ಕಡೆ ನೋಡಲೇ ಇಲ್ಲ. ಆ ನೋಡದಿರುವುದು ಅವಳಿಗೆ ಮೈಗೆ ತಾಕಿದಷ್ಟು ಸ್ಪಷ್ಟವಾಗಿ ತಿಳಿಯಿತು.

“ರೂಮ್ ಕೊಡೋವಾಗ ಏನು ಹೇಳಿದ್ದೆ ನಾನು?”

“ವೆಜ್ ಓನ್ಲಿ ಅಂತ ಹೇಳಿದ್ರಿ.”

“ಮತ್ತೆ ಇದು?”

“ಮರದ್ದು ರೀ, ಅಮ್ಮಾರ. ನಾವು ಲಿಂಗಾಯತರು. ನಮ್ಮವ್ವ ತತ್ತಿ ಸೈತ ಮನ್ಯಾಗ ಬಿಟ್ಟುಕೊಳ್ಳಂಗಿಲ್ಲ.”

ವಾರಿಜಾ ಇಕ್ಕಳದಿಂದ ಒಂದು ಮೀನನ್ನು ತಟ್ಟಿದರು. ಟಕ್ ಟಕ್. ಮರವೇ. ಮೂಗಿನ ಹತ್ತಿರ ತಂದರು. ಮೂವತ್ತು ವರ್ಷ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿದ ಮೂಗು.

“ನೇಲ್ ಪಾಲಿಶ್.”

“ಹೂನ್ರಿ. ನೀರು ಹತ್ತಬಾರದಂತ ಮ್ಯಾಲೆ ಒಂದು ಕೋಟ್ ಹಾಕ್ತೀನ್ರಿ.”

“ನೀವೇ ತಂದಿದ್ದಾ?”

“ಅಂಗಡ್ಯಾಗ ತಂದೆ.”

ಸಂಹಿತಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಬಣ್ಣಾನೂ ನೀವೇ ಹಾಕಿದ್ದಾ? ಈ ಹುರುಪೆ, ಈ ಕಣ್ಣು?”

“ಎಲ್ಲಾ ನಾನ ಮಾಡಿದ್ದು ರೀ.”

ಅವಳನ್ನು ಉಳಿಸಲೆಂದು ಹೇಳಿದ ಸುಳ್ಳು. ಆದರೂ ಆ ಕಣ್ಣುಗಳಿಗಾಗಿ ಅವಳು ಉಸಿರು ಬಿಗಿಹಿಡಿದು ಕೂತ ಸಂಜೆಗಳನ್ನೆಲ್ಲ ಅವನು ಒಂದೇ ಮಾತಿನಲ್ಲಿ ಒರೆಸಿ ಹಾಕಿದ್ದ.

“ಗ್ರೂಪಲ್ಲಿ ಎಲ್ಲರೂ ನೋಡಿ ಆಯ್ತು. ಅದು ಮರ, ಅದು ಮರ ಅಂತ ಒಬ್ಬೊಬ್ಬರಿಗೂ ಹೇಳ್ಕೊಂಡು ತಿರುಗ್ಲಾ ನಾನು? ತಿಂಗಳ ಕೊನೆಗೆ ಖಾಲಿ ಮಾಡ್ಬಿಡಿ.”

“ಆತ್ರಿ.”

ಅಷ್ಟೇ. ವಾದವಿಲ್ಲ, ವಿನಂತಿಯಿಲ್ಲ. ಸಂಹಿತಾ ಅವನ ಮುಖವನ್ನೇ ನೋಡಿದಳು. ಇಷ್ಟು ಸಲೀಸಾಗಿ ಹೊರಟುಬಿಡುವವನಿಗಾಗಿ ತಾನು ಬಾಯಿ ತೆರೆದರೆ? ನಾಳೆಯಿಂದ ಅಮ್ಮನ ಮೌನವನ್ನೂ ಸೌಮ್ಯ ಆಂಟಿಯ ನಗುವನ್ನೂ ಒಬ್ಬಳೇ ಹೊರಬೇಕು. ತೆರೆಯದಿದ್ದರೆ ಇವನು ಹೋಗುತ್ತಾನೆ.

“ಮೊದಲು ಇವನ್ನ ಇಳಿಸಿ,” ಎಂದ ವಾರಿಜಾ ತಾವೇ ಕೈಹಾಕಿ ಹಸಿರು ಮೀನನ್ನು ಎಳೆದರು. ಕ್ಲಿಪ್ ಜಾರಿತು.

“ಅಯ್ಯೋ!”

ಮೀನಿನ ಹೊಟ್ಟೆಯಡಿಯ ಗಾಳದ ಒಂದು ಮೊನೆ ಅವರ ಹೆಬ್ಬೆರಳಿಗೆ ಇಳಿದಿತ್ತು.

“ಎಳೀಬ್ಯಾಡ್ರಿ! ಅಮ್ಮಾರ, ಕೈ ಹಂಗ ಹಿಡೀರಿ.” ಮುತ್ತುರಾಜ ಮೊಣಕಾಲೂರಿ ಮೀನಿನ ಭಾರವನ್ನು ತನ್ನ ಅಂಗೈಗೆ ತೆಗೆದುಕೊಂಡ.

“ಡಾಕ್ಟರ್ ಹತ್ರ ಹೋಗೋಣಮ್ಮ,” ಎಂದಳು ಸಂಹಿತಾ.

“ಈ ಮೀನು ನೇತಾಡಿಸ್ಕೊಂಡು ಫೋರ್ತ್ ಬ್ಲಾಕಿನ ಕ್ಲಿನಿಕ್ಕಿಗೆ ಬರ್ಲಾ? ಅದರ ಫೋಟೋನೂ ಹಾಕ್ಲಿ ಅಂತಾನಾ ಸೌಮ್ಯ?”

ಮುತ್ತುರಾಜ ಗಾಳವನ್ನು ದಿಟ್ಟಿಸುತ್ತಿದ್ದ. ಮೂರು ಮೊನೆಯ ಗಾಳ. ಪ್ರತಿ ಮೊನೆಯ ಹಿಂದೆಯೂ ಒಂದು ಸಣ್ಣ ಮುಳ್ಳಿರುತ್ತದೆ, ಒಳಗೆ ಹೋದದ್ದು ಹೊರಗೆ ಬಾರದಂತೆ. ಬಿಡುವ ಮೀನಿಗೆ ಗಾಯವಾಗಬಾರದೆಂದು ಆ ಮುಳ್ಳುಗಳನ್ನು ಕಟಿಂಗ್ ಪ್ಲೇಯರಿನಿಂದ ಒತ್ತಿ ಚಪ್ಪಟೆ ಮಾಡುವುದು ಅವನ ಪದ್ಧತಿ. ಒತ್ತಿದ್ದರೆ ಗಾಳ ಮೆಲ್ಲಗೆ ಜಾರಿ ಬರುತ್ತದೆ. ಒತ್ತದಿದ್ದರೆ, ಮೆಲ್ಲಗೆ ಎಳೆದಷ್ಟೂ ಮಾಂಸ ಹರಿಯುತ್ತದೆ.

ಹಸಿರು ಮೀನಿಗೆ ಗಾಳ ಹಾಕಿದ್ದು ಅವನಲ್ಲ.

ಅವನು ತಲೆಯೆತ್ತಿದ. ಈಗ ನೋಡಿದ, ನೇರವಾಗಿ.

“ಸಂಹಿತಾ, ಇದರ ಮುಳ್ಳು ಒತ್ತಿದ್ದಿಯೋ ಇಲ್ಲೋ?”

ವಾರಿಜಾ ನೋವು ಮರೆತು ಮಗಳ ಕಡೆ ತಿರುಗಿದರು.

ನನಗೇನು ಗೊತ್ತು ಅನ್ನಬಹುದಿತ್ತು. ಎಲ್ಲಾ ಒತ್ತಿದೀನಿ ಎಂದೂ ಅನ್ನಬಹುದಿತ್ತು. ಆದರೆ ಅಮ್ಮನ ಬೆರಳು ಅಲ್ಲಿತ್ತು, ಉಗುರಿನ ಸುತ್ತ ಬಿಳಿಚಿಕೊಂಡು.

“ಎರಡು ಒತ್ತಿದೀನಿ. ಮೂರನೇದು... ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ ಏನೇ?” ವಾರಿಜಾ ಕೇಳಿದರು.

“ಅದನ್ನ ಒತ್ತೋವಾಗ ಇವನು ನನ್ನ ನೋಡ್ತಾ ಇದ್ದ.”

ಪಕ್ಕದ ಮನೆಯ ಕುಕ್ಕರ್ ಕೂಗಿತು. ಮುತ್ತುರಾಜನ ಕಿವಿಗಳು ತುದಿಯವರೆಗೆ ಕೆಂಪಾದವು. ಅವನು ಮೀನನ್ನು ಸಂಹಿತಾಳ ಅಂಗೈಗೆ ದಾಟಿಸಿ, ರೂಮಿಗೆ ಹೋಗಿ ನೈಲಾನ್ ದಾರ ತಂದ. ಗಾಳದ ಬಾಗಿಗೆ ಅದನ್ನು ಸುತ್ತಿ, ಗಾಳದ ಕಡ್ಡಿಯನ್ನು ಬೆರಳಿನ ಮೇಲೆ ಅದುಮಿ ಹಿಡಿದ. ಒಂದೇ ಜಗ್ಗಿಗೆ ಬರಬೇಕು. ಸಂಹಿತಾ ಬಗ್ಗಿ ಅಮ್ಮನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಇಬ್ಬರ ಹಣೆಗಳ ನಡುವೆ ಒಂದು ಗೇಣೂ ಇರಲಿಲ್ಲ.

“ಎಷ್ಟು ದಿನದಿಂದ ನಡೀತಿದೆ ಇದು?” ಎಂದು ವಾರಿಜಾ ಕೇಳುತ್ತಿರುವಾಗಲೇ ಅವನು ಜಗ್ಗಿದ.

ಬಂತು. ಒಂದು ಹನಿ ರಕ್ತದೊಂದಿಗೆ. ಅವನು ಮೊನೆಯನ್ನು ಬೆಳಕಿಗೆ ಹಿಡಿದ. ಮುಳ್ಳು ಹಾಗೇ ಇತ್ತು, ಚೂಪಾಗಿ.

ವಾರಿಜಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಸೆರಗಿನ ತುದಿಯಿಂದ ಬೆರಳು ಒತ್ತಿಕೊಂಡರು. ಆಮೇಲೆ ಮೆಲುದನಿಯಲ್ಲಿ ಕೇಳಿದರು. ಆ ಮೆಲುದನಿಗೆ ಹಿಂದೆ ಇಡೀ ಕ್ಲಾಸ್ ಬೆವರುತ್ತಿತ್ತು.

“ಮೀನು ತಿನ್ನಲ್ಲ ಅಂತೀಯ. ಮತ್ತೆ ಯಾಕಪ್ಪ ಹಿಡೀತೀಯ?”

“ನೋಡಾಕ್ರಿ. ಒಮ್ಮೆ ಕೈಯಾಗ ಹಿಡದು, ನೋಡಿ, ಬಿಟ್ಟುಬಿಡ್ತೀನ್ರಿ.”

“ನನ್ನ ಮಗಳನ್ನೂ ಹಂಗೇನಾ?”

ಮುತ್ತುರಾಜ ಕೈಯಲ್ಲಿದ್ದ ಗಾಳವನ್ನು ಕೆಳಗಿಟ್ಟ.

“ಈಗ ತಾನೆ ಖಾಲಿ ಮಾಡು ಅಂದೆ. ನೀನು ಆತ್ರಿ ಅಂದೆ. ಇನ್ನೊಂದು ಮಾತು ಆಡಿದ್ಯಾ?”

“ಆಕಿಗೆ ತೊಂದ್ರಿ ಆಗಬಾರದಂತ...”

“ಅವಳನ್ನ ಕೇಳಿದ್ಯಾ?”

ಅವನು ಸಂಹಿತಾಳ ಕಡೆ ತಿರುಗಿದ. ಅವಳು ನಗಲಿಲ್ಲ. ಸನ್ನೆ ಮಾಡಲಿಲ್ಲ. ತನ್ನ ಪಾಲಿನ ಮಾತನ್ನು ಅವಳು ಹೇಳಿ ಆಗಿತ್ತು, ಅಮ್ಮನ ಎದುರೇ. ಇನ್ನು ಅವನ ಸರದಿ. ಇವನು ಈಗಲೂ ಸುಮ್ಮನಿದ್ದರೆ ಮುಗಿಯಿತು. ತಾನೇ ಇವನ ಟ್ರಂಕನ್ನು ಕೆಳಗಿಳಿಸಿ ಕೊಡುತ್ತೇನೆ.

“ಅಮ್ಮಾರ,” ಎಂದ ಮುತ್ತುರಾಜ. “ನಾ ಮನಿ ಖಾಲಿ ಮಾಡಂಗಿಲ್ರಿ.”

ವಾರಿಜಾ ಹುಬ್ಬೇರಿಸಿದರು.

“ಇನ್ನೊಂದ್ಸಲ ಹೇಳು,” ಎಂದದ್ದು ಸಂಹಿತಾ.

“ಖಾಲಿ ಮಾಡಂಗಿಲ್ಲ.” ಈ ಸಲ ಅವಳಿಗೇ ಹೇಳಿದ. “ಪೊಲೀಸರನ್ನ ಕರಸ್ರಿ ಬೇಕಾದ್ರ. ಆ ಫೋಟೋದವರನ್ನೂ ಕರಸ್ರಿ. ಬಣ್ಣ ಹಚ್ಚಿದಾಕಿ ಈಕಿನ ಅಂತ ಎಲ್ಲಾರಿಗೂ ಹೇಳ್ತೀನಿ.”

ಅವಳ ಕಣ್ಣು ತುಂಬಿತು. ಮುಖ ಆಚೆ ತಿರುಗಿಸಿಕೊಂಡಳು. ತಂತಿಯ ಮೇಲಿನ ಮೀನುಗಳೆಲ್ಲ ಒಂದರೊಳಗೊಂದು ಬೆರೆತು ಬರೀ ಬಣ್ಣವಾದವು.

“ಬಾಡಿಗೆದಾರನ ಧೈರ್ಯ ನೋಡು,” ಎಂದು ವಾರಿಜಾ ಎದ್ದು ನಿಂತರು. “ನಿಮ್ಮ ಅವ್ವನ ನಂಬರ್ ಕೊಡು ನನಗೆ, ಆಮೇಲೆ ಮಾತಾಡ್ತೀನಿ. ಈಗ ಟಿಟಿ ಇಂಜೆಕ್ಷನ್ ಹಾಕಿಸ್ಬೇಕು. ಆಟೋ ಕರೀರಿ ಯಾರಾದ್ರೂ.”

ಇಬ್ಬರೂ ಒಟ್ಟಿಗೇ ಓಡಿದರು. ಮೆಟ್ಟಿಲ ಬಾಗಿಲು ಒಬ್ಬರು ಹಿಡಿಯುವಷ್ಟೇ ಅಗಲ. ಹೆಗಲಿಗೆ ಹೆಗಲು ಸಿಕ್ಕಿಕೊಂಡಿತು. ಅವಳು ಹಿಂದೆ ಸರಿಯಲಿಲ್ಲ, ಅವನೂ ಸರಿಯಲಿಲ್ಲ.

“ಬೇಗ ಹೋಗ್ರೋ,” ಹಿಂದಿನಿಂದ ವಾರಿಜಾ ಕೂಗಿದರು. “ನನ್ನ ಬೆರಳು ಉರೀತಿದೆ ಇಲ್ಲಿ!”