ದೂರುದಾರನೇ ದುಭಾಷಿ

2025ರ ಫೆಬ್ರವರಿ 10, ಸೋಮವಾರ, ಬೆಳಿಗ್ಗೆ 8.20. ಠಾಣೆಗೆ ದೂರು ಬಂತು: ಅರಬ್ ಕೊಲ್ಲಿಯ ಬಂದರು ಶುವೈಖ್‌ನ ಗೋದಾಮೊಂದರಲ್ಲಿ ಸರಕಿನ ಲಿಫ್ಟ್ ಕುಸಿದು ಇವಾನ್ ಎಂಬ ಕೆಲಸಗಾರ ಸತ್ತಿದ್ದಾನೆ, ಜಗಳದ ಸೇಡಿಗೆ ಮೆಕ್ಯಾನಿಕ್ ಬಾಳಾಸಾಹೇಬನೇ ಬ್ರೇಕು ಕೆಡಿಸಿದ್ದಾನೆ. ದೂರಿತ್ತವನು ಗೋದಾಮಿನ ಮೇಲ್ವಿಚಾರಕ ರಾನ್ಸನ್. ಇನ್‌ಸ್ಪೆಕ್ಟರ್ ನಾಯಿಫ್ ಮಹಜರು ಮುಗಿಸಿ, ಮಧ್ಯಾಹ್ನದೊಳಗೆ ಬಾಳಾಸಾಹೇಬನ ತಪ್ಪೊಪ್ಪಿಗೆಯನ್ನೂ ಬರೆಸಿಕೊಂಡರು.

ಬುಧವಾರ ಕಡತ ಪ್ರಾಸಿಕ್ಯೂಟರ್ ದಲಾಲ್ ಅವರ ಮೇಜಿಗೆ ಬಂತು. ಪೊಲೀಸರು ಬರೆದದ್ದು ಕಾನೂನಿಗೆ ಒಪ್ಪುತ್ತದೆಯೇ ಎಂದು ನೋಡುವುದು ಅವರ ಹೊಣೆ. ಅವರ ಕಚೇರಿಯ ದುಭಾಷಿ, ಮಂಜೇಶ್ವರದ ಕಾಸಿಂ ಕುಂಞಿ, ಪಕ್ಕದಲ್ಲಿ ನಿಂತಿದ್ದರು.

“ಹೇಳಿಕೆಯನ್ನು ಅರಬ್ಬಿಗೆ ತಿರುಗಿಸಿದವರು ಯಾರು?” ದಲಾಲ್ ಕೇಳಿದರು.

“ರಾನ್ಸನ್. ಕನ್ನಡ ಬಲ್ಲವರು ಬೇರೆ ಇರಲಿಲ್ಲ,” ಎಂದರು ಕಡತ ತಂದಿದ್ದ ನಾಯಿಫ್. “ಇವಾನನನ್ನು ಖಲಾಸ್ ಮಾಡಿದೆ ಎಂದನಂತೆ. ಖಲಾಸ್ ಎಂಬ ನಮ್ಮ ಅರಬ್ಬಿಯ ಮಾತನ್ನು ನಾನೇ ಕಿವಿಯಾರೆ ಕೇಳಿದ್ದೇನೆ.”

“ದೂರುದಾರನೇ ದುಭಾಷಿಯೆ?”

ಕಾಸಿಂ ಕುಂಞಿ ಬಗ್ಗಿ ಹೇಳಿಕೆಯ ಕೆಳಗಿನ ಸಹಿಯನ್ನು ನೋಡಿದರು. ಈ ನೆಲದಲ್ಲಿ ಕೊಲೆಗೆ ನೇಣುಂಟು. ಒಬ್ಬನ ಕೊರಳನ್ನು ಅವನ ಮೇಲೆ ದೂರಿತ್ತವನ ನಾಲಗೆಗೇ ಒಪ್ಪಿಸುವುದಾದರೆ ಕಾನೂನಿನ ಪುಸ್ತಕವಿದ್ದು ಏನು ಫಲ?

ಬಾಳಾಸಾಹೇಬನನ್ನು ಕರೆತಂದರು.

“ಕೂತುಕೊಳ್ಳಿ ಸಾಹೇಬ್ರೇ,” ಎಂದರು ಕಾಸಿಂ.

“ಹೆಸರಿನ್ಯಾಗಷ್ಟ ಸಾಹೇಬ ಅದೀನ್ರಿ. ಕೈಯಾಗ ನೋಡ್ರಿ, ಬೇಡಿ.”

“ಠಾಣೆಯಲ್ಲಿ ಎಂತ ಹೇಳಿದ್ದು ನೀವು?”

“ಬ್ರೇಕ್ ಖಲಾಸ್ ಆಗೇದ, ಲಿಫ್ಟ್ ಬಂದ್ ಮಾಡ್ರಿ ಅಂತ ಶನಿವಾರನ ರಾನ್ಸನ್ ಅವರಿಗೆ ಹೇಳೇನಿ ಅಂದೆ. ಫೋನಿನ್ಯಾಗೂ ಕಳಿಸೇನ್ರಿ.”

“ಇವಾನನನ್ನು ಖಲಾಸ್ ಮಾಡಿದೆ ಅಂದ್ರಾ?”

“ಅವ ನನ್ನ ರೂಮಿನಾಂವ ರೀ. ಒಂದ ತಾಟಿನ್ಯಾಗ ಉಂಡೇವಿ.”

ಓದಲು ಬಾರದ ಲಿಪಿಯ ಕೆಳಗೆ ಅವನು ಸಹಿ ಹಾಕಿದ್ದ. ಅವನ ಫೋನು ಠಾಣೆಯ ಕಪಾಟಿನಲ್ಲೇ ಇತ್ತು, ಯಾರೂ ತೆರೆದಿರಲಿಲ್ಲ. ಗುರುವಾರ 9.40ಕ್ಕೆ ತೆರೆದರು. ಫೆಬ್ರವರಿ 8, ಸಂಜೆ 4.12ರ ಧ್ವನಿ ಸಂದೇಶ. ರಾನ್ಸನ್ ಅದನ್ನು ಕೇಳಿದ ಗುರುತೂ ಇತ್ತು. ಕಾಸಿಂ ಅರ್ಥ ಹೇಳಿದರು: ಬ್ರೇಕು ಕೆಟ್ಟಿದೆ, ಲಿಫ್ಟ್ ನಿಲ್ಲಿಸಿ. 11 ಗಂಟೆಗೆ ರಾನ್ಸನ್‌ನ ಬಂಧನವಾಯಿತು.

ಅವನಿಗೆ ಅರಬ್ಬಿ ಬರುತ್ತಿತ್ತು. ಆದರೂ ಅವನು ಕನ್ನಡದಲ್ಲೇ ಹೇಳಲಿ, ದುಭಾಷಿ ಇರಲಿ ಎಂದರು ದಲಾಲ್.

“ಲಿಫ್ಟ್ ಯಾಕೆ ನಿಲ್ಲಿಸಲಿಲ್ಲ ಮಾರಾಯ?”

“ಸೋಮವಾರ ಮಾಲು ಹೊರಡಬೇಕಿತ್ತು ಕಾಸಿಂ ಭಾಯಿ. ಇಲ್ಲದಿದ್ರೆ ನಿನ್ನ ಇಕಾಮಾ ಪರ್ಮಿಟ್ ಖಲಾಸ್ ಅಂದ್ರು ನಮ್ಮ ಧಣಿ, ಕಫೀಲ್. ನನ್ನ ಹೆಂಡತಿ ವೈಲೆಟ್‌ಗೆ ಈಗ ಏಳು ತಿಂಗಳು. ಇಲ್ಲಿಂದ ಓಡಿಸಿದ್ರೆ ಅವಳನ್ನು ಎಲ್ಲಿಗೆ ಕರ್ಕೊಂಡು ಹೋಗ್ಲಿ? ಇವಾನ್ ಸತ್ತ ಮೇಲೆ ಹೆದರಿಕೆ ಆಯ್ತು, ಬಾಳಾಸಾಹೇಬನ ಹೆಸರು ಹೇಳಿಬಿಟ್ಟೆ.”

‘ಖಲಾಸ್’ ಕೇಳಿದ್ದೇ ಗುಮಾಸ್ತ ಬರೆಯತೊಡಗಿದ. ಕಾಸಿಂ ಕುಂಞಿ ಕೈಯೆತ್ತಿ ತಡೆದರು.

“ಯಾವ ಖಲಾಸ್, ರಾನ್ಸನ್? ಬಿಡಿಸಿ ಹೇಳು. ನೀನು ಹೇಳಿದ್ದನ್ನು ಮಾತ್ರ ನಾನು ಬರೆಸುವುದು.”

ರಾನ್ಸನ್ ಬೇಡಿ ತೊಟ್ಟ ಕೈಗಳಲ್ಲಿ ಮುಖ ಮುಚ್ಚಿಕೊಂಡ.