ಎಡಗಡೆಯ ಎಲೆ

ಅಂದು ರತ್ನಾವತಿಯಮ್ಮನ ಬೊಜ್ಜ, ಅಂದರೆ ಉತ್ತರಕ್ರಿಯೆ. ಪಡೀಲಿನ ಮನೆಯ ಅಂಗಳದಲ್ಲಿ ಚಪ್ಪರ ಹಾಕಿ, ಹದಿಮೂರನೆಯ ದಿನದ ಊಟಕ್ಕೆ ಜನ ಸಾಲಾಗಿ ಕುಳಿತಿದ್ದರು.

"ಅಮ್ಮನ ಹೆಸರಿನ ಪಾಯಸ ನಾನೇ ಬಡಿಸ್ತೇನೆ" ಎಂದು ಮಗಳು ಶಶಿಪ್ರಭಾ ಹಟ ಹಿಡಿದಿದ್ದಳು. ಅತ್ತು ಅತ್ತು ಬಾಡಿದ ಮುಖ... ಕೈಯಲ್ಲಿ ಹೆಸರುಬೇಳೆ ಪಾಯಸದ ಪಾತ್ರೆ. ಒಂದೊಂದೇ ಎಲೆಗೆ ಬಗ್ಗಿ ಬಡಿಸುತ್ತಾ ಸಾಲಿನ ತುದಿಗೆ ಬಂದಳು. ಅಲ್ಲಿಂದ ಹಾಗೆಯೇ ಬಲಕ್ಕೆ ತಿರುಗಿ ಎದುರಿನ ಸಾಲಿಗೆ ಹೋದಳು.

ಎಡಗಡೆ ಜಗಲಿಕಂಬದ ಪಕ್ಕದ ಎಲೆಗೆ ಪಾಯಸ ಬೀಳಲಿಲ್ಲ.

ಎರಡನೆಯ ಸುತ್ತು ಬಂದಳು. ಆಗಲೂ ಆ ಎಲೆಯನ್ನು ದಾಟಿಯೇ ಹೋದಳು!

ಆ ಎಲೆಯ ಮುಂದೆ ಕುಳಿತವನು ಮೋಹನದಾಸ. ನಗರದ ಕಣ್ಣಿನ ಆಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವವನು. ಕಣ್ಣು ಪೂರ್ತಿ ಹೋಗುವವರೆಗೂ ರತ್ನಾವತಿಯಮ್ಮ ಅವನ ಹತ್ತಿರವೇ ಬರುತ್ತಿದ್ದರು. ಅವನ ಮುಖ ಕೆಂಪಾಯಿತು. ಎಲೆ ಮಡಚಿ ಎದ್ದುಬಿಟ್ಟ.

"ಅಯ್ಯೋ ಶಶೀ! ಎಂತ ಮಾಡಿದೆ ನೀನು?" ಅಪ್ಪನ ತಂಗಿ ಗುಲಾಬಿ ಅತ್ತೆ ಕೂಗಿದರು. "ಅಷ್ಟು ದೊಡ್ಡ ಜನ ಕೂತದ್ದು ಕಣ್ಣಿಗೆ ಕಾಣುವುದಿಲ್ಲವಾ?"

ಶಶಿಪ್ರಭಾ ಗಕ್ಕನೆ ತಿರುಗಿದಳು. ಮುಖವನ್ನು ಪೂರ್ತಿ ತಿರುಗಿಸಿದ ಮೇಲೆಯೇ ಅವನು ಕಂಡದ್ದು! ಕಣ್ಣಿಗೆ ಕಣ್ಣು ಸೇರಿತು. ಅವನ ಕಣ್ಣುಗಳಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

'ಇವರು ಎಲ್ಲಿದ್ದರು? ಇಷ್ಟು ಹೊತ್ತು ಇಲ್ಲಿಯೇ ಇದ್ದರಾ?'

"ನಿಲ್ಲಿ... ನಾನು ಬೇಕೆಂದು..."

"ಗೊತ್ತಾಯಿತು ಬಿಡಿ. ನಿಮ್ಮ ಅಮ್ಮನ ಕಣ್ಣು ಉಳಿಸಲಾಗದ ಆಸ್ಪತ್ರೆಯವನು ನಾನು. ಇಲ್ಲಿಗೆ ಬರಬಾರದಿತ್ತು."

ಅವನು ಕೈ ತೊಳೆದು ಹೊರಟೇ ಹೋದ. ಅತ್ತೆ ತಲೆಗೆ ಕೈ ಹೊತ್ತು ಕುಳಿತರು. "ಸತ್ತವರ ಹೆಸರಿನ ಊಟದಲ್ಲಿ ಒಬ್ಬ ಅರ್ಧದಲ್ಲಿ ಎದ್ದರೆ, ಹೋದ ಜೀವಕ್ಕೆ ಶಾಂತಿ ಉಂಟಾ ಮಗಾ?"

ಆ ಮಾತು ಶಶಿಪ್ರಭಾಳ ಎದೆಗೆ ನಾಟಿತು. ಹಿತ್ತಲಿಗೆ ಓಡಿದವಳು ಬಲಗಣ್ಣು ಮುಚ್ಚಿಕೊಂಡಳು. ಎದುರಿನ ಬಟ್ಟೆ ಒಗೆಯುವ ಕಲ್ಲು ಕಂಡಿತು. ಅದರ ಎಡಕ್ಕೆ ಬಾವಿಕಟ್ಟೆ ಇರಬೇಕಿತ್ತು, ಆಚೆ ತೆಂಗಿನ ಮರ ಇರಬೇಕಿತ್ತು... ಯಾವುದೂ ಇರಲಿಲ್ಲ! ಬರೀ ಮಂಜು.

ಅಮ್ಮನಿಗೂ ಹೀಗೆಯೇ ಆದದ್ದಲ್ಲವೇ? ಮೊದಲು ಹೊಸ್ತಿಲು ಎಡವಿದ್ದು, ಆಮೇಲೆ ಲೋಟ ಚೆಲ್ಲಿದ್ದು, ಕೊನೆಗೆ ಕತ್ತಲೆ.

ಅಮ್ಮನ ಜೊತೆಗೆ ತಾನು ಇನ್ನೇನನ್ನು ಕಳೆದುಕೊಳ್ಳುತ್ತಿದ್ದೇನೆ ಎಂಬುದು ಅವಳಿಗೆ ಆ ದಿನವೇ ತಿಳಿಯಿತು.

ಆದರೆ ಯಾರಿಗೂ ಹೇಳಲಿಲ್ಲ. ಹೆಂಡತಿಯನ್ನು ಕಳೆದುಕೊಂಡು ಮೂಕನಂತಾಗಿದ್ದ ಅಪ್ಪ ಮಹಾಬಲರ ಮುಖ ನೋಡಿದರೆ ಹೇಳಲು ಮನಸ್ಸು ಬರುತ್ತಿರಲಿಲ್ಲ. ಬಂದ ಸಂಬಂಧಗಳನ್ನು "ಈಗ ಬೇಡ" ಎಂದು ತಳ್ಳಿದಳು.

ಹೀಗೇ ಕೆಲವು ತಿಂಗಳಾಗಿ, ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ, ಎಡಗಡೆಯಿಂದ ಬಂದ ಸೈಕಲ್ಲು ಅವಳನ್ನು ರಸ್ತೆಗೆ ಕೆಡವಿತು. ಮೊಣಕೈಯ ರಕ್ತ ಒರೆಸಿಕೊಳ್ಳುತ್ತಾ ಅವಳು ನಿರ್ಧರಿಸಿದಳು. ಮರುದಿನ ಬೆಳಿಗ್ಗೆ ಒಬ್ಬಳೇ ಬಸ್ಸು ಹತ್ತಿ ಕಣ್ಣಿನ ಆಸ್ಪತ್ರೆಗೆ ಹೋದಳು.

ಪರೀಕ್ಷೆಯ ಕೋಣೆ ಕತ್ತಲಾಗಿತ್ತು. ಒಳಗೆ ದೊಡ್ಡ ಬಿಳಿ ಬೋಗುಣಿಯಂತಹ ಯಂತ್ರ.

"ಹೆಸರು?"

ಆ ಧ್ವನಿ! ಅವಳ ಎದೆ ಧಸಕ್ಕೆಂದಿತು.

"ಶಶಿಪ್ರಭಾ... ಪಡೀಲ್."

ಹೆಸರು ಬರೆದುಕೊಳ್ಳುವ ಸದ್ದು. ಆಮೇಲೆ ಮೋಹನದಾಸ ಪರಿಚಯವೇ ಇಲ್ಲದವನಂತೆ ಹೇಳಿದ. "ಗಲ್ಲ ಇಲ್ಲಿ ಇಡಿ. ನಡುವಿನ ಚುಕ್ಕಿಯನ್ನು ಮಾತ್ರ ನೋಡಿ. ಬದಿಯಲ್ಲಿ ಎಲ್ಲಾದರೂ ಬೆಳಕು ಕಂಡರೆ ಈ ಗುಂಡಿ ಒತ್ತಿ."

ಬಲಗಣ್ಣಿಗೆ ಪಟ್ಟಿ ಬಿತ್ತು. ಎಡಗಣ್ಣಿನ ಮುಂದೆ ಬೋಗುಣಿ ಬರಿದಾಗಿತ್ತು. ಬೆಳಕು ಎಲ್ಲಿ? ಹೆದರಿಕೆಯಿಂದ ಅವಳ ಕಣ್ಣು ಅತ್ತಿತ್ತ ಓಡಿತು.

"ಹುಡುಕಬಾರದು."

"ನಾನು ಹುಡುಕಲಿಲ್ಲ!"

"ಸುಳ್ಳು ಹೇಳಬೇಡಿ ಮಾರಾಯ್ರೆ. ನಾನು ಆಚೆ ಕಡೆಯಿಂದ ನಿಮ್ಮ ಕಣ್ಣನ್ನೇ ನೋಡ್ತಾ ಇದ್ದೇನೆ."

ಅವಳ ಕೆನ್ನೆ ಬಿಸಿಯಾಯಿತು. ಮತ್ತೆ ಚುಕ್ಕಿಯಲ್ಲಿ ದೃಷ್ಟಿ ನೆಟ್ಟಳು. ಗುಂಡಿ ಒತ್ತಿದ ಸದ್ದು ಒಮ್ಮೆ... ಇನ್ನೊಮ್ಮೆ... ಆಮೇಲೆ ಎಷ್ಟು ಹೊತ್ತಾದರೂ ಇಲ್ಲ. ಯಂತ್ರದ ಆಚೆ ದೃಷ್ಟಿಯ ನಕ್ಷೆಯಲ್ಲಿ ಗುರುತು ಹಾಕುತ್ತಿದ್ದ ಅವನ ಕೈ ನಿಂತುಹೋಯಿತು.

"ಆ ದಿನ..." ಅವನು ನಕ್ಷೆಯಿಂದ ತಲೆಯೆತ್ತಿದ. "ಆ ದಿನ ನಾನು ನಿಮ್ಮ ಎಡಗಡೆ ಕೂತಿದ್ದೆ, ಅಲ್ವಾ?"

ಅಷ್ಟು ದಿನ ಒಳಗೇ ಕಟ್ಟಿಟ್ಟ ದುಃಖ ಒಡೆದು ಬಂತು. "ನೀವು ನನಗೆ ಕಾಣಲೇ ಇಲ್ಲ! ದೇವರಾಣೆ, ಕಾಣಲೇ ಇಲ್ಲ... ನೀವು ಎದ್ದು ಹೋದಿರಿ. ನನ್ನ ಅಮ್ಮನ ಊಟ ಅರ್ಧವಾಯಿತು."

ಅವನು ಎದ್ದು ಬಂದು ಅವಳ ಕುರ್ಚಿಯ ಪಕ್ಕದಲ್ಲಿ ನಿಂತ.

"ನಾನು ಅಂದು ಬಂದದ್ದು ಯಾಕೆ ಗೊತ್ತುಂಟಾ? ಇದು ತಾಯಿಯಿಂದ ಮಕ್ಕಳಿಗೂ ಬರುವ ಕಾಯಿಲೆ. 'ನನ್ನ ಶಶಿಯ ಕಣ್ಣನ್ನು ಒಮ್ಮೆ ನೋಡು ಮಗಾ' ಅಂತ ನಿಮ್ಮ ಅಮ್ಮ ನನ್ನಲ್ಲಿ ಹೇಳಿದ್ದರು. ಅದನ್ನು ಹೇಳಲಿಕ್ಕೇ ಬಂದವನು, ಒಂದು ಸೌಟು ಪಾಯಸಕ್ಕೆ ಸಿಟ್ಟು ಮಾಡಿಕೊಂಡು ಹೋದೆ... ಇಷ್ಟು ತಿಂಗಳು ಹಾಳಾಯಿತು."

ಆಸ್ಪತ್ರೆಯ ಡಾಕ್ಟರ್ ವಾಲ್ಟರ್ ಮುಚ್ಚುಮರೆ ಮಾಡಲಿಲ್ಲ. "ಗ್ಲಾಕೋಮಾ, ಕಣ್ಣೊಳಗಿನ ಒತ್ತಡ ಹೆಚ್ಚಿ ನರ ಕೆಡುವ ರೋಗ. ಎಡಗಣ್ಣು ಬಹಳ ಹೋಗಿದೆ. ಬಲಗಣ್ಣಿನಲ್ಲಿ ಈಗ ಶುರು. ಹೋದ ದೃಷ್ಟಿ ವಾಪಸು ಬರುವುದಿಲ್ಲ ಮಗಳೇ. ಇರುವುದನ್ನು ಉಳಿಸಿಕೊಳ್ಳುವಾ."

ಆ ಸಂಜೆ ಅವಳು ಮನೆಯಲ್ಲಿ ಎಲ್ಲ ಹೇಳಿದಳು. ಹನಿ ಔಷಧ ಶುರುವಾಯಿತು. ಹಾಕಿದರೆ ಹುಬ್ಬಿನ ಮೇಲೆ ಸಿಡಿಯುವ ನೋವು, ಸಂಜೆಯಾದರೆ ಎಲ್ಲ ಮಬ್ಬು. ಆದರೂ ಕಣ್ಣಿನ ಒತ್ತಡ ಇಳಿಯಲಿಲ್ಲ. ಪ್ರತಿ ಸಲ ಆಸ್ಪತ್ರೆಗೆ ಬಂದಾಗಲೂ ಮೋಹನದಾಸ ಬಸ್ಸಿನವರೆಗೆ ಜೊತೆಗೆ ಬರುತ್ತಿದ್ದ, ಯಾವಾಗಲೂ ಅವಳ ಎಡಗಡೆಯಲ್ಲೇ.

ಒಂದು ದಿನ ಅವಳು ತಟ್ಟನೆ ನಿಂತಳು. "ನನಗೆ ಕನಿಕರ ಬೇಡ. ನಾಳೆ ಪೂರ್ತಿ ಕುರುಡಿ ಆಗುವವಳ ಜೊತೆ ಯಾಕೆ ನಡೀತೀರಿ?"

"ಕನಿಕರವಾ?" ಅವನು ನಕ್ಕ. "ಕನಿಕರ ಇದ್ದಿದ್ದರೆ ರಿಕ್ಷಾ ಹತ್ತಿಸಿ ಕಳಿಸ್ತಿದ್ದೆ. ಈ ಬಿಸಿಲಲ್ಲಿ ನಡೀತಾ ಇದ್ದೆನಾ?"

ಅವಳಿಗೆ ನಗು ಬಂತು, ಅಳುವೂ ಬಂತು. ಮತ್ತೆ ನಡೆದಳು. 'ಕಣ್ಣು ಉಳಿದರೆ ಮಾತ್ರ ಈ ಕೈ ಹಿಡೀತೇನೆ. ಇಲ್ಲದಿದ್ದರೆ ಇವರ ಬದುಕಿಗೆ ಹೊರೆಯಾಗಲಾರೆ...' ಎಂದು ಮನಸ್ಸಿನಲ್ಲೇ ದೇವರಿಗೆ ಮಾತು ಕೊಟ್ಟಳು.

ಆ ಬೇಸಿಗೆಯಲ್ಲಿ ಆಸ್ಪತ್ರೆಗೆ ಹೊಸ ಲೇಸರ್ ಯಂತ್ರ ಬಂತು.

"ಬೆಂಕಿಯಿಂದ ಕಣ್ಣು ಸುಡುತ್ತಾರಂತೆ!" ಗುಲಾಬಿ ಅತ್ತೆ ಎದೆ ಬಡಿದುಕೊಂಡರು. "ಅಣ್ಣಾ, ಬೇಡ ಅಂತ ಹೇಳು!"

ಡಾಕ್ಟರ್ ವಾಲ್ಟರ್ ತಾಳ್ಮೆಯಿಂದ ವಿವರಿಸಿದರು. "ಕಣ್ಣಿನ ಒಳಗೆ ನೀರು ಹುಟ್ಟುತ್ತದಮ್ಮ. ಅದು ಹೊರಗೆ ಹರಿಯುವ ಜಾಲರಿ ಇವಳಿಗೆ ಕಟ್ಟಿಕೊಂಡಿದೆ. ಅಲ್ಲಲ್ಲಿ ಬೆಳಕಿನ ಚುಕ್ಕಿ ಇಟ್ಟರೆ ಜಾಲರಿ ಬಿಗಿದು ನಡುವಿನ ತೂತುಗಳು ತೆರೆದುಕೊಳ್ಳುತ್ತವೆ. ಚಾಕು ಇಲ್ಲ, ಹೊಲಿಗೆ ಇಲ್ಲ. ಗೆಲ್ಲುತ್ತದೆ ಅಂತ ಪ್ರಮಾಣ ಮಾಡಲಾರೆ. ಪ್ರಯತ್ನ ಮಾಡಬಹುದು."

ಮಹಾಬಲರು ಕೈ ಮುಗಿದರು. "ರತ್ನಾವತಿಗೆ ಇಂಥದ್ದು ಸಿಗಲಿಲ್ಲ. ಮಗಳಿಗೆ ದೇವರು ಕಳಿಸಿದ್ದಾನೆ. ಮಾಡಿ ಡಾಕ್ಟ್ರೆ."

ಲೇಸರಿನ ದಿನ ಮೊದಲು ಎಡಗಣ್ಣಿಗೆ ಮರಗಟ್ಟಿಸುವ ಹನಿ ಬಿತ್ತು. ತಣ್ಣನೆಯ ಲೋಳೆ ಸವರಿದ ಗಾಜು ಕಣ್ಣಿಗೆ ಅಂಟಿ ಕುಳಿತಿತು.

"ತಲೆ ಕೂದಲೆಳೆಯಷ್ಟೂ ಅಲುಗಬಾರದು. ಮೋಹನದಾಸ, ಹಿಡಿದುಕೊಳ್ಳಿ."

ಅವಳ ತಲೆಯ ಹಿಂದೆ ಎರಡು ಅಂಗೈಗಳು ಬಂದು ನಿಂತವು. ಬೆಚ್ಚಗೆ, ಭದ್ರವಾಗಿ.

"ಹೆದರಿಕೆಯಾ?" ಮೆಲ್ಲನೆ ಕೇಳಿದ.

"ನಿಮ್ಮ ಅಂಗೈ ಬೆವರ್ತಾ ಉಂಟು. ಹೆದರಿಕೆ ಯಾರಿಗೆ?"

"ಸುಮ್ಮನಿರಿ ಇಬ್ಬರೂ!" ಡಾಕ್ಟರು ಗದರಿದರು.

ಟಕ್... ಹಸುರು ಮಿಂಚು! ಟಕ್... ಇನ್ನೊಂದು! ಗದ್ದೆಯ ಎಳೆ ಪೈರಿನ ಹಸುರು ಕಣ್ಣ ತುಂಬ ಹರಡಿ ಮಾಯವಾಗುತ್ತಿತ್ತು. ನೋವಿಲ್ಲ, ಆಗಾಗ ಸಣ್ಣ ಚುಚ್ಚು ಅಷ್ಟೇ. ಪ್ರತಿ ಮಿಂಚಿಗೂ ಅವಳು ಒಳಗೊಳಗೇ 'ಅಮ್ಮಾ... ಅಮ್ಮಾ...' ಎಂದಳು.

ಬಲಗಣ್ಣಿಗೂ ಬೇರೊಂದು ದಿನ ಹಾಗೆಯೇ ಮಾಡಿದರು. ಫಲ ತಿಳಿಯಲು ವಾರಗಟ್ಟಲೆ ಕಾಯಬೇಕಿತ್ತು. ಮಳೆಗಾಲ ಶುರುವಾಯಿತು. ಶಶಿಪ್ರಭಾ ದಿನವೂ ದೇವರ ದೀಪದ ಮುಂದೆ ಕುಳಿತು ದೀಪದ ಎಡಬಲ ನೋಡುತ್ತಿದ್ದಳು. 'ಇನ್ನೂ ಕುಗ್ಗಿತಾ? ಇಲ್ಲ ಅಲ್ವಾ?'

ಕೊನೆಗೆ ಆ ದಿನ ಬಂತು. ಡಾಕ್ಟರ್ ವಾಲ್ಟರ್ ಒತ್ತಡ ಅಳೆದರು. ನಂಬದೆ ಇನ್ನೊಮ್ಮೆ ಅಳೆದರು. ಆಮೇಲೆ ಕುರ್ಚಿಯಿಂದ ಎದ್ದೇಬಿಟ್ಟರು!

"ಇಳಿದಿದೆ! ಎರಡೂ ಕಣ್ಣಲ್ಲಿ ಇಳಿದಿದೆ! ಗೆದ್ದೆ ಮಾರಾಯ್ತಿ!"

ಮತ್ತೆ ಬೋಗುಣಿಯ ಪರೀಕ್ಷೆ. ಹಳೆಯ ನಕ್ಷೆಯ ಮೇಲೆ ಹೊಸದನ್ನು ಇಟ್ಟು ನೋಡಿದ ಮೋಹನದಾಸನ ಕಣ್ಣು ತುಂಬಿತು. "ದೃಷ್ಟಿ ಒಂದು ಕೂದಲೆಳೆಯಷ್ಟೂ ಕಮ್ಮಿಯಾಗಲಿಲ್ಲ ಶಶಿ. ಹನಿ ಬಿಡಬಾರದು, ಪರೀಕ್ಷೆ ತಪ್ಪಿಸಬಾರದು. ಆದರೆ ಕತ್ತಲೆ ನಿಂತಿದೆ."

"ಹಾಗಾದರೆ ಆಟಿಯಲ್ಲಿ ಅಮ್ಮನಿಗೆ ಬಡಿಸುವ ದಿನ ಮನೆಗೆ ಬನ್ನಿ" ಎಂದಳು ಅವಳು. "ನಿಮ್ಮದೊಂದು ಊಟ ಬಾಕಿ ಉಂಟು."

ಆಟಿ, ಅಂದರೆ ತುಳುನಾಡಿನ ಆಷಾಢ ತಿಂಗಳು. ತೀರಿಹೋದವರಿಗೆ ಎಲೆ ಹಾಕುವ ದಿನ. ಒಳಕೋಣೆಯಲ್ಲಿ ಶಶಿಪ್ರಭಾ ಅಮ್ಮನ ಹೆಸರಿಗೆ ಎಲೆ ಹಾಕಿ, ಅಮ್ಮನಿಗೆ ಪ್ರಾಣವಾಗಿದ್ದ ಕೋಳಿಸಾರು, ಅನ್ನ, ಪಕ್ಕದಲ್ಲಿ ಹೆಸರುಬೇಳೆ ಪಾಯಸ ಬಡಿಸಿ, ದೀಪವಿಟ್ಟು ಬಾಗಿಲು ಎಳೆದುಕೊಂಡಳು. ಅಮ್ಮ ಉಣ್ಣುವ ಹೊತ್ತಿಗೆ ಹೊರಗೆ ಜಗಲಿಯಲ್ಲೂ ಎಲೆಗಳು ಬಿದ್ದವು.

ಮೋಹನದಾಸ ಜಾಗ ನೋಡಿ ಸಾಲಿನ ಬಲತುದಿಯಲ್ಲಿ ಕುಳಿತ. "ಈ ಸಲ ಅಪಾಯ ಬೇಡ ಅಂತ..."

ಪಕ್ಕದವರು ನಕ್ಕರು. ಶಶಿಪ್ರಭಾ ತಲೆಯಾಡಿಸಿದಳು. "ಇಲ್ಲ. ಎಡಗಡೆಗೇ ಬನ್ನಿ. ಅವತ್ತು ಕೂತಲ್ಲೇ."

ಅವನು ಎಡತುದಿಯ ಕಂಬದ ಪಕ್ಕ ಹೋಗಿ ಕುಳಿತ. ಅವಳು ಪಾಯಸದ ಪಾತ್ರೆ ಹಿಡಿದು ಬಂದಳು. ಸಾಲಿನ ತುದಿಯಲ್ಲಿ ನಿಂತು, ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಅವನನ್ನು ಕಣ್ತುಂಬ ನೋಡಿ, ಮೊದಲ ಸೌಟು ಅವನ ಎಲೆಗೇ ಹಾಕಿದಳು.

"ಕಾಣ್ತದಾ?" ಅವನು ಪಿಸುಗುಟ್ಟಿದ.

"ತಿರುಗಿ ನೋಡಲು ಕಲಿತಿದ್ದೇನೆ. ಆದರೆ ಯಾವಾಗಲೂ ತಿರುಗಿದರೆ ಕುತ್ತಿಗೆ ನೋಯ್ತದೆ..."

"ಹಾಗಾದರೆ ಆ ಬದಿಯನ್ನು ನನಗೆ ಬಿಡಿ. ಬದುಕಿರುವಷ್ಟು ಕಾಲ ನಿಮ್ಮ ಎಡಗಡೆ ನಾನಿರ್ತೇನೆ."

ಅವಳು ಇನ್ನೊಂದು ಸೌಟು ಹಾಕಿದಳು. "ಹೂಂ" ಎಂದಳು, ಅವನಿಗೆ ಮಾತ್ರ ಕೇಳುವಂತೆ.

ಕೇಳಿಸಿಕೊಂಡವರು ಇನ್ನೊಬ್ಬರಿದ್ದರು! "ಎಡಗಡೆ ಕೂರುವುದು ಹೆಂಡತಿ ಅಲ್ಲವಾ? ಇದು ಯಾವ ಊರಿನ ಕ್ರಮ?" ಎಂದರು ಗುಲಾಬಿ ಅತ್ತೆ.

"ನಮ್ಮದು ಬೇರೆ ಕ್ರಮ, ಅತ್ತೆ" ಎಂದ ಮೋಹನದಾಸ.

"ನೋಡಿ, ನೋಡಿ! ಆಗಲೇ ಅತ್ತೆ ಆಗಿಬಿಟ್ಟೆ ನಾನು!"

ಮಹಾಬಲರು ಎಷ್ಟೋ ತಿಂಗಳ ಮೇಲೆ ನಕ್ಕರು. ಮೋಹನದಾಸ ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡು ಎದ್ದ.

ಶಶಿಪ್ರಭಾ ಒಳಕೋಣೆಯ ಬಾಗಿಲನ್ನು ಮೆಲ್ಲನೆ ತಟ್ಟಿ ತೆರೆದಳು. ದೀಪ ನಿಶ್ಚಲವಾಗಿ ಉರಿಯುತ್ತಿತ್ತು. ಅವನು ಬಂದು ಅವಳ ಎಡಕ್ಕೆ ನಿಂತ. ಇಬ್ಬರೂ ಕೈ ಮುಗಿದರು.

"ಅಮ್ಮಾ, ಅರ್ಧವಾದ ಊಟ ಇವತ್ತು ಪೂರ್ತಿಯಾಯಿತು. ನನ್ನ ಕಣ್ಣು ಉಳಿಯಿತು. ಇನ್ನು ನೀನು ನಿಶ್ಚಿಂತೆಯಿಂದ ಇರು... ದೇವರೇ, ಕತ್ತಲೆಯಲ್ಲಿ ದಾರಿ ತಡಕಿ ಹೋದ ನನ್ನ ಅಮ್ಮನನ್ನು ನಿನ್ನ ಬೆಳಕಿನಲ್ಲಿ ಇರಿಸಿಕೋ. ಆ ಜೀವಕ್ಕೆ ಶಾಂತಿ ಕೊಡು."