ಅಮ್ಮನ ಕಡೆಯ ಹೆಸರು

“ಒಂದೇ ಅಡ್ಡಹೆಸರಾ? ಅಮ್ಮನದು ಎಲ್ಲಿ ಬಿದ್ದುಹೋಯಿತು?” ಎಂದು ನೂರಿಯಾ ಕೇಳಿದಳು.

ಬಾರ್ಸಿಲೋನಾದ ಹಳೆಯ ವಿಶ್ವವಿದ್ಯಾಲಯದ ಒಳಅಂಗಳ. ಸುತ್ತ ಕಲ್ಲಿನ ಕಮಾನುಗಳು, ನಡುವೆ ಪುಟ್ಟ ಕೊಳ, ಕಿತ್ತಳೆ ಮರಗಳು. ಲತೀಶನಿಗೆ ಕೆಲಸ ಕೊಡಲು ಮುಂದಾಗಿದ್ದ ವಿಭಾಗದಲ್ಲಿ ನೂರಿಯಾ ಸಂಶೋಧಕಿ. ನಮ್ಮಲ್ಲಿ ಎಲ್ಲರಿಗೂ ಎರಡು ಅಡ್ಡಹೆಸರು, ಮೊದಲು ಅಪ್ಪನದು, ಆಮೇಲೆ ಅಮ್ಮನದು ಎಂದು ಅವಳು ಹೆಮ್ಮೆಯಿಂದ ವಿವರಿಸುತ್ತಿದ್ದಳು.

ಲತೀಶ್ ನಕ್ಕ. “ಹಾಗಾದರೆ ನಾನು ಲತೀಶ್ ಸಾಲ್ಯಾನ್ ಕುಂದರ್.”

ಹಿಂದೆ ಬರುತ್ತಿದ್ದ ತನುಶ್ರೀ ಅಲ್ಲೇ ನಿಂತುಬಿಟ್ಟಳು.

ಕುಂದರ್?

ಲತೀಶನ ಪರಿಚಯ ಅವಳಿಗೆ ಆದದ್ದು ನೆದರ್‌ಲ್ಯಾಂಡ್ಸಿನ ಆಮ್ಸ್ಟೆಲ್‌ವೀನ್‌ನಲ್ಲಿ, ಉಮಾವತಿಯಕ್ಕನ ಮನೆಯ ದೀಪಾವಳಿ ಊಟದಲ್ಲಿ. ಇಬ್ಬರೂ ತುಳುವರು, ಇಬ್ಬರಿಗೂ ಯುಟ್ರೆಕ್ಟ್‌ನಲ್ಲಿ ಕೆಲಸ. ಉಮಕ್ಕ ಸೌಟು ಹಿಡಿದುಕೊಂಡೇ ಅವನ ಹೆಸರು ಕೇಳಿದ್ದರು. “ಸಾಲ್ಯಾನಾ? ನಮ್ಮ ತನುವಿನ ಬರಿಯೂ ಸಾಲ್ಯಾನೇ ಮಾರಾಯ! ಅಣ್ಣ ತಂಗಿ ಆದ್ರಿ ನೀವು.” ಬರಿ ಎಂದರೆ ಕುಲದ ಹೆಸರು. ಒಂದೇ ಬರಿಯವರು ಎಷ್ಟೇ ದೂರದವರಾದರೂ ಒಡಹುಟ್ಟಿದವರ ಲೆಕ್ಕ. ಅವರೊಳಗೆ ಮದುವೆಯ ಮಾತಿಲ್ಲ. ಅಂದಿನಿಂದ ಅವನು ಲತೀಶಣ್ಣನಾದ.

ಅಣ್ಣನೆಂದೇ ಅವಳು ಮನೆಯ ಬಾಗಿಲು ತೆರೆದಿದ್ದಳು. ಅವನು ಬಂದು ಸೈಕಲ್ ಚೈನು ಹಾಕಿಕೊಡುತ್ತಿದ್ದ, ನೀರುದೋಸೆ ತಿಂದು ಇನ್ನೊಂದು ಕೇಳುತ್ತಿದ್ದ. ಅವನು ಹೋದ ಮೇಲೆ ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಅಣ್ಣನೆನಿಸಿಕೊಂಡವನು ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆಂದು ತಂಗಿಯಾದವಳು ಇಷ್ಟು ಚೆನ್ನಾಗಿ ತಿಳಿದಿರಬೇಕೆ?

ಈ ಪ್ರವಾಸಕ್ಕೂ ಅವಳು ಎರಡು ಮನಸ್ಸಿನಿಂದಲೇ ಹೊರಟಿದ್ದಳು. “ನಾನು ಕೆಲಸದ ಜಾಗ ನೋಡಬೇಕು, ನೀನು ಬಿಸಿಲು ನೋಡು ಬಾ. ನೂರಿಯಾ ಮನೇಲಿ ಜಾಗ ಇದೆ” ಎಂದು ಅವನು ಕರೆದಿದ್ದ. ಅವನು ಇಲ್ಲಿಗೇ ಬಂದುಬಿಟ್ಟರೆ ಜೊತೆಯಲ್ಲಿ ತಿರುಗುವುದು ಇದೇ ಕೊನೆ. ಆ ಆಸೆಗೆ ಬಂದಿದ್ದಳು.

ಈಗ ಅವನ ಬೆನ್ನನ್ನೇ ನೋಡುತ್ತ ಯೋಚಿಸಿದಳು. ಬರಿ ಬರುವುದು ತಾಯಿಯಿಂದ. ತಾಯಿ ಕುಂದರ್ ಆದರೆ ಮಗನೂ ಕುಂದರ್. ಸಾಲ್ಯಾನ್ ಅಪ್ಪನ ಹೆಸರು ಮಾತ್ರ. ಬೆಂಗಳೂರಲ್ಲಿ ಬೆಳೆದವನು, ಗೊತ್ತಿಲ್ಲದಿರಬಹುದು. ಹೇಳಲೇ? ಹೇಳಿದರೆ ಯಾಕೆ ಹೇಳಿದಳೆಂದು ಕೇಳಲಾರನೇ? ಹೇಳದಿದ್ದರೆ?

ಲತೀಶ್ ತಿರುಗಿ ನೋಡಿದ. ಹುಬ್ಬು ಸ್ವಲ್ಪ ಮೇಲೆತ್ತಿ, ಎಲ್ಲೋ ಬಿಟ್ಟುಬಂದದ್ದನ್ನು ಕಂಡವನಂತೆ ಕಣ್ಣಲ್ಲೇ ಕರೆದ. ಅವಳು ಕೊಳದ ಮೀನು ನೋಡುವ ನೆಪ ಮಾಡಿದಳು. ಕೊಳದಲ್ಲಿ ಮೀನಿರಲಿಲ್ಲ.

ಹಳೆಯ ಸಭಾಂಗಣದ ಕೀಲಿ ತರುತ್ತೇನೆಂದು ನೂರಿಯಾ ಹೊರಟಳು. ಅವನು ಹತ್ತಿರ ಬಂದ. “ಏನಾಯ್ತೇ? ಮುಖ ಯಾಕೆ ಹಂಗಿದೆ?”

“ಕುಂದರ್ ನಿಮ್ಮ ಅಮ್ಮನ ಬರಿಯಾ?”

“ಹೂಂ.”

“ಹಾಗಾದ್ರೆ ನಿಮ್ಮದೂ ಅದೇ. ಅಪ್ಪನಿಂದ ಬರುದಲ್ಲ ಅದು, ಅಮ್ಮನಿಂದ.”

“ಗೊತ್ತು.”

“ಗೊತ್ತುಂಟಾ? ಯಾವಾಗಿಂದ?”

ಅವನು ಕತ್ತಿನ ಹಿಂದೆ ಕೆರೆದುಕೊಂಡ. “ಹೋದ ಚಳಿಗಾಲದಿಂದ. ನಿನ್ನ ವಿಷಯ ಅಮ್ಮನಿಗೆ ಹೇಳ್ತಿದ್ದೆ. ತಂಗಿ ಅಂದಿದ್ದಕ್ಕೆ ಫೋನಲ್ಲೇ ನಕ್ಕುಬಿಟ್ರು. ‘ಪಾಸ್‌ಪೋರ್ಟಿಗೆ ಮಾತ್ರ ಸಾಲ್ಯಾನ್ ನೀನು’ ಅಂದ್ರು.”

“ಮತ್ತೆ ನಾನು ಅಣ್ಣ ಅಣ್ಣ ಹೇಳುವಾಗ ಬಾಯಿಮುಚ್ಚಿ ಕೂತದ್ದು ಎಂತಕ್ಕೆ? ತಮಾಷೆ ನೋಡ್ಲಿಕ್ಕಾ?”

“ಅಲ್ಲ ಕಣೆ. ಅಣ್ಣ ಆಗಿದ್ದಕ್ಕೆ ತಾನೇ ನೀನು ಬಾಗಿಲು ತೆಗೀತಿದ್ದಿದ್ದು? ನಿಮ್ಮಾಫೀಸಿನ ಕಿರಣ್ ಕಾಫಿಗೆ ಕರೆದಾಗ ಏನ್ ಮಾಡ್ದೆ? ಹೋಗೋ ಬಸ್ಸನ್ನೇ ಬದಲಾಯಿಸ್ಕೊಂಡೆ! ನಂಗೂ ಹಂಗೇ ಮಾಡಿದ್ರೆ ಅಂತ ಭಯ.”

“ಆ ಕಿರಣ್ ಬೇರೆ, ನೀನು ಬೇರೆ!”

ನೀವು ಹೋಗಿ ನೀನು ಆದದ್ದು ಅವಳಿಗೆ ಆಮೇಲೆ ಹೊಳೆಯಿತು. ಅವನಿಗೆ ಆಗಲೇ ಹೊಳೆದಿತ್ತು. ಎಡಗೆನ್ನೆಯಲ್ಲಿ ಗುಳಿ ಬಿದ್ದಿತು.

“ನಗಬೇಡ. ನಿನಗೆ ನಿದ್ದೆ ಬರ್ತಿತ್ತು. ನಾನು ಪಾಪ ಮಾಡ್ತಾ ಇದ್ದೇನೆ ಅಂತ...” ಮಾತು ಅರ್ಧಕ್ಕೇ ನಿಂತಿತು. ಪ್ರತಿ ಪದವನ್ನೂ ತೂಗಿ ಆಡುವವಳು ಇಂದು ತಕ್ಕಡಿಯನ್ನೇ ಕೈಬಿಟ್ಟಿದ್ದಳು.

“ಏನು ಪಾಪ?” ಅವನ ದನಿ ಇಳಿದಿತ್ತು.

ಅವಳು ಮತ್ತೆ ಕೊಳದ ಕಡೆಗೆ ಮುಖ ತಿರುಗಿಸಿದಳು.

“ತನು, ಈ ಕೆಲಸಕ್ಕೆ ಯಾಕೆ ಅರ್ಜಿ ಹಾಕ್ದೆ ಗೊತ್ತಾ? ಹೇಳಿದ ಮೇಲೆ ನೀನು ಬೇಡ ಅಂದ್ರೆ, ಅದೇ ಊರು, ಅದೇ ಪ್ಲಾಟ್‌ಫಾರ್ಮ್, ವಾರ ವಾರ ನಿನ್ನ ಮುಖ. ನನ್ ಕೈಲಾಗಲ್ಲ. ಇವ್ರಿಗೆ ಸೋಮವಾರ ಉತ್ತರ ಹೇಳ್ಬೇಕು. ಅದಕ್ಕೇ ನಿನ್ನ ಕರ್ಕೊಂಡು ಬಂದೆ. ನಾನು ನಿನ್ನ...”

“ಇಲ್ಲಿ ಹೇಳಬೇಡ.”

“ಯಾಕೆ?”

ಅವಳು ಸುತ್ತ ನೋಡಿದಳು. ಕಮಾನಿನೊಳಗಿಂದ ಬಿಸಿಲು ಜಾರಿ ಅವನ ಭುಜದ ಮೇಲೆ ಕುಳಿತಿತ್ತು. ಎಲ್ಲಿಂದಲೋ ಕಿತ್ತಳೆ ಹೂವಿನ ಘಮ. ಇಷ್ಟು ಚೆಲುವಿನ ಎದುರು ತನ್ನನ್ನು ತಾನೇ ಹೇಗೆ ನಂಬುವುದು?

“ಇಲ್ಲಿ ಯಾರು ಎಂತ ಹೇಳಿದ್ರೂ ಚಂದವೇ ಕೇಳ್ತದೆ. ಹೂಂ ಹೇಳಿದ್ದು ನಾನಾ, ಈ ಬಿಸಿಲಾ ಅಂತ ನನಗೆ ಗೊತ್ತಾಗುದಿಲ್ಲ. ಹೇಳುದಾದ್ರೆ ಯುಟ್ರೆಕ್ಟ್‌ನಲ್ಲಿ ಹೇಳು.”

“ಅಲ್ಲಿ ಮಳೆ, ಗಾಳಿ, ಎಲ್ಲರ ಮುಖ ಗಂಟು.”

“ಅದಕ್ಕೇ.”

ನೂರಿಯಾ ಕೀಲಿ ಆಡಿಸುತ್ತ ಬಂದಳು. ಸಭಾಂಗಣ ಬಹಳ ಚೆನ್ನಾಗಿತ್ತಂತೆ. ತನುಶ್ರೀಗೆ ಅದರ ಒಂದು ಕಂಬವೂ ನೆನಪಿಲ್ಲ.

ಭಾನುವಾರ ಮಧ್ಯಾಹ್ನ ವಿಮಾನ ಸ್ಕಿಪೋಲ್‌ನಲ್ಲಿ ಇಳಿಯಿತು. “ನೆದರ್‌ಲ್ಯಾಂಡ್ಸ್ ಬಂತು” ಎಂದ ಅವನು ಬೆಲ್ಟ್ ಬಿಚ್ಚುತ್ತ.

“ಯುಟ್ರೆಕ್ಟ್ ಅಂದದ್ದು ನಾನು.”

ರೈಲಿನಲ್ಲಿ ಎದುರು ಬದುರು ಕುಳಿತರು. ಅವನು ಕಿಟಕಿಯ ಗಾಜಿನಲ್ಲಿ ಅವಳ ಪ್ರತಿಬಿಂಬವನ್ನು ನೋಡುತ್ತಿದ್ದ. ಅವಳಿಗೆ ಗೊತ್ತಿತ್ತು, ಗೊತ್ತಿಲ್ಲದವಳಂತೆ ಕೂತಿದ್ದಳು. ಹೇಳದೇ ಬಿಟ್ಟರೆ ಎಂಬ ಭಯ ಒಂದು ಕಡೆ, ಹೇಳಿಬಿಟ್ಟರೆ ಎಂಬ ಭಯ ಇನ್ನೊಂದು ಕಡೆ. ಯಾವುದು ದೊಡ್ಡದೆಂದು ಅಳೆಯುವಷ್ಟರಲ್ಲಿ ಊರು ಬಂದಿತ್ತು.

ಪ್ಲಾಟ್‌ಫಾರ್ಮಿನಲ್ಲಿ ಗಾಳಿ ಕೆನ್ನೆಗೆ ಹೊಡೆಯಿತು. ಮಳೆ ಓರೆಯಾಗಿ ಒಳಗೇ ಬೀಳುತ್ತಿತ್ತು. ಯಾವುದೋ ರೈಲು ತಡವೆಂದು ಡಚ್ಚಿನಲ್ಲಿ ಕೂಗುತ್ತಿದ್ದರು. ಮಡಚುವ ಸೈಕಲ್ಲು ಹಿಡಿದವನೊಬ್ಬ ಲತೀಶನ ಮೊಣಕಾಲಿಗೆ ತಾಗಿಸಿ, ತಿರುಗಿಯೂ ನೋಡದೆ ಹೋದ. ಲತೀಶನ ಮೂಗು ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು. ಚೆಲುವೆನ್ನುವಂಥದ್ದು ಅವನಲ್ಲಿ ಈಗ ಏನೂ ಉಳಿದಿರಲಿಲ್ಲ.

“ಇಲ್ಲಿ ಹೇಳ್ಬಹುದಾ?” ಎಂದು ಕೇಳಿ ಸೀನಿದ.

“ಹೇಳು.”

“ನಂಗೆ ನೀನು ಬೇಕು ತನು. ಅಷ್ಟೇ. ಬಾರ್ಸಿಲೋನಾದಲ್ಲಿ ಇನ್ನೂ ಏನೇನೋ ಉದ್ದಕ್ಕೆ ಯೋಚನೆ ಮಾಡಿಟ್ಟಿದ್ದೆ, ಎಲ್ಲಾ ಮರ್ತುಹೋಯ್ತು.”

ಅವಳು ತನ್ನ ಎದೆಯೊಳಗೆ ಹುಡುಕಿದಳು. ಬಿಸಿಲಿಲ್ಲ, ಹೂವಿಲ್ಲ, ಆದರೂ ಅದು ಅಲ್ಲೇ ಇತ್ತು, ಅಲುಗಾಡದೆ. ಹೊರಡಲಿದ್ದ ರೈಲಿನ ಬಾಗಿಲುಗಳು ಕೀರಲು ದನಿಯಲ್ಲಿ ಮುಚ್ಚಿಕೊಂಡವು.

“ಹೋಗಬೇಡ” ಎಂದಳು.

“ಏನು? ರೈಲಿನ ಸದ್ದಲ್ಲಿ ಕೇಳಿಸ್ಲಿಲ್ಲ.”

ಕೇಳಿಸಿತ್ತೆಂದು ಅವನ ಕಣ್ಣೇ ಹೇಳುತ್ತಿತ್ತು. ಸುಳ್ಳ. ಆದರೂ ಅವಳು ಉಸಿರು ತುಂಬಿಕೊಂಡು, ಹುಟ್ಟಿದಂದಿನಿಂದ ಯಾರೆದುರೂ ಎತ್ತದ ದನಿಯಲ್ಲಿ ಕೂಗಿದಳು.

“ಹೋಗಬೇಡ ಅಂದೆ!”

ಮುದುಕಿಯೊಬ್ಬಳು ಕೊಡೆ ಸರಿಸಿ ತಿರುಗಿ ನೋಡಿದಳು. ತನುಶ್ರೀ ನಾಚಲಿಲ್ಲ. ಅವನ ಒದ್ದೆ ತೋಳನ್ನು ಎರಡೂ ಕೈಗಳಿಂದ ಹಿಡಿದುಕೊಂಡು ನಿಂತಿದ್ದಳು.